ಬೋಳು ಗಾಡಿ

ಎರಡನೆಯ ನಟ್ಟು ತಿರುಗಲಿಲ್ಲ.

ಮೊದಲನೆಯದು ಸೀಮೆಎಣ್ಣೆ ಕುಡಿದು ಬೆಳಿಗ್ಗೆಯೇ ಸಡಿಲವಾಗಿತ್ತು. ಇದು ಮಾತ್ರ ಹದಿನೈದು ವರ್ಷದ ತುಕ್ಕನ್ನು ಕಚ್ಚಿಕೊಂಡು ಹಟ ಹಿಡಿದಿತ್ತು. ಷಡಕ್ಷರಿ ಹಳೆಯ ಫಿಯಟ್ಟಿನ ಬಾನೆಟ್ಟಿನೊಳಗೆ ಹೆಗಲವರೆಗೆ ಕೈ ತೂರಿಸಿ, ಕೆನ್ನೆಯನ್ನು ತಣ್ಣನೆಯ ತಗಡಿಗೆ ಒತ್ತಿ, ಕಣ್ಣು ಮುಚ್ಚಿ ಸ್ಪ್ಯಾನರ್ ಎಳೆದ. ಟಕ್ ಎಂದಿತು. ಮುಂದಿನ ಜಾಲರಿಯಿಂದ ಕಂಪನಿಯ ಗುರುತಿನ ಬಿಲ್ಲೆ, ಮೊನೊಗ್ರಾಂ, ಕಳಚಿ ಅಂಗಳದ ಜಲ್ಲಿಯ ಮೇಲೆ ಬಿತ್ತು.

ಹಿಂದೆ ಸರಿದು ನೋಡಿದ. ಬೂದು ಬಣ್ಣದ ಮೂತಿಯ ನಡುವೆ ಎರಡು ತೂತು ಉಳಿದಿದ್ದವು. ಮೂಗುಬೊಟ್ಟು ತೆಗೆದ ಮೂಗಿನ ಹಾಗೆ ಕಂಡಿತು.

ಹೆಂಡತಿ ಶಾಲಿನಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಅವನಿಗೆ ಗೊತ್ತಾಗಲಿಲ್ಲ.

“ನಮ್ಮ ಗಾಡೀದೇ ತೆಗೆದ್ರಾ?”

“ಹೂಂ.”

“ಯಾಕೆ?”

“ಬೇರೆ ಹಾಕೋಣ ಅಂತ.”

“ಏನು ಹಾಕ್ತೀರಿ?”

ಅವನು ಬಗ್ಗಿ ಜಲ್ಲಿಯ ಮೇಲಿದ್ದ ಮೊನೊಗ್ರಾಂ ಎತ್ತಿಕೊಂಡ.

“ಹಾಕೋ ತನಕ ಹೊರಗೆ ತಗೊಂಡು ಹೋಗ್ಬೇಡಿ ಮತ್ತೆ. ಬೋಳು ಗಾಡಿ.”

“ಅದೆಲ್ಲ ಎಸ್ಟೇಟಿನವರಿಗೆ. ನಮ್ಮನ್ನ ಯಾರು ನೋಡ್ತಾರೆ?”

ಅವಳು ಯೋಚಿಸಿದಳು. ಸುಮ್ಮನೆ ಅಲ್ಲ, ನಿಜವಾಗಿಯೂ ಯೋಚಿಸಿದಳು.

“ಯಾರೂ ನೋಡಲ್ಲ,” ಎಂದು ಒಳಗೆ ಹೋದಳು.

ಷಡಕ್ಷರಿ ಮೂಡಿಗೆರೆಯ ಸರ್ಕಾರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್. ಚಳ್ಳಕೆರೆ ಕಡೆಯವನು. ಈ ಗುಡ್ಡಗಳಿಗೆ ಬಂದು ಹನ್ನೊಂದು ವರ್ಷವಾಗಿತ್ತು. ವಸ್ತಾರೆಯ ಹುಡುಗಿಯನ್ನು ಮದುವೆಯಾಗಿದ್ದ, ಊರಾಚೆ ಮನೆ ಹಿಡಿದಿದ್ದ, ಆದರೂ ಊರಿನವನಾಗಿರಲಿಲ್ಲ. ಕಾಲೇಜಿನಲ್ಲಿ ಅವನು ಹೇಳಿದ ಪಾಠ ಯಾರಿಗೂ ನೆನಪಿರಲಿಲ್ಲ. ನೆನಪಿದ್ದದ್ದು ಮನೆಯ ಹಿಂದಿನ ಶೆಡ್ಡಿನಲ್ಲಿ ಅವನು ಮಾಡುತ್ತಿದ್ದ ಕೆಲಸ. ಜೀಪು, ಕಾರು, ಬುಲೆಟ್ಟು, ಯಾವ ಗಾಡಿಯದೇ ಆಗಲಿ, ಮೊನೊಗ್ರಾಂ ತಂದುಕೊಟ್ಟರೆ ಥಿನ್ನರಿನಲ್ಲಿ ನೆನೆಸಿ, ಹಳೆ ಬಣ್ಣ ಕೆರೆದು, ವಾಟರ್ ಪೇಪರಿನಲ್ಲಿ ತಿಕ್ಕಿ, ಹೊಸ ಬಣ್ಣ ತುಂಬಿ, ಬಲ್ಬಿನ ಕೆಳಗೆ ಒಣಗಿಸಿ, ಮೇಲೊಂದು ಕೋಟು ಹೊಳಪಿನ ಲ್ಯಾಕರ್ ಹೊಡೆದು ಕೊಡುತ್ತಿದ್ದ. ಕಂಪನಿಯ ಗುರುತು ಬೇಡವೆಂದವರಿಗೆ ಹಿತ್ತಾಳೆಯ ತಗಡಿನ ಮೇಲೆ ಅವರವರ ಗುರುತನ್ನೇ ಬರೆದುಕೊಡುತ್ತಿದ್ದ. ಒಬ್ಬರಿಗೆ ಕಾಟಿ, ಅಂದರೆ ಕಾಡುಕೋಣ, ಒಬ್ಬರಿಗೆ ಹುಲಿ, ಒಬ್ಬರಿಗೆ ಮನೆದೇವರ ತ್ರಿಶೂಲ. ಬಣ್ಣದ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಹಾಗಾಗಿ ಕಣ್ಣಿನ ಕೆಳಗೆ ಒಂದು ಕರ್ಚೀಫು ಕಟ್ಟಿಕೊಂಡೇ ಕೆಲಸ, ಕಟ್ಟಿಕೊಂಡೇ ಗಿರಾಕಿಗಳ ಜೊತೆ ಎರಡು ಮಾತು. ಆಲ್ದೂರಿನಿಂದ ಕಳಸದವರೆಗೆ ಅವನಿಗೆ ಒಂದೇ ಹೆಸರು, ಮೊನೊಗ್ರಾಂ ಮೇಷ್ಟ್ರು. ಷಡಕ್ಷರಿ ಎಂಬುದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಈ ಸೀಮೆಯಲ್ಲಿ ರಸ್ತೆಯ ಮೇಲೆ ಯಾರೂ ಮನುಷ್ಯರ ಮುಖ ನೋಡುವುದಿಲ್ಲ. ತಿರುವಿನಲ್ಲಿ ಮುಖ ನೋಡುತ್ತ ಕೂತರೆ ಕೆಳಗಿನ ಹಳ್ಳ ಸೇರಬೇಕಾಗುತ್ತದೆ. ಎದುರಿನ ಗಾಡಿಯ ಮೂತಿ ನೋಡುತ್ತಾರೆ, ಸ್ಟಿಯರಿಂಗಿನಿಂದ ಎರಡು ಬೆರಳು ಎತ್ತುತ್ತಾರೆ, ಅಷ್ಟೇ. ಕಾಟಿ ಜೀಪಿನ ಗೌಡರು, ತ್ರಿಶೂಲದ ಕಾರಿನ ಅಮ್ಮ. ಯಜಮಾನ ಸತ್ತರೆ ಗಾಡಿಯ ಮೊನೊಗ್ರಾಂ ಕಳಚುತ್ತಾರೆ. ಹನ್ನೊಂದನೆಯ ದಿನದವರೆಗೆ ಗಾಡಿ ಬೋಳಾಗಿಯೇ ಓಡಾಡಬೇಕು. ಆಮೇಲೆ ಹೊಸ ಬಣ್ಣ ಕಟ್ಟಿ ಮಗನೋ ಅಳಿಯನೋ ಮತ್ತೆ ಕೂರಿಸುತ್ತಾನೆ. ಬಾಳೆಹಳ್ಳ ಎಸ್ಟೇಟಿನವರು ಒಂದು ಸಲ ಹಾಗೆ ಮಾಡಿದರಂತೆ. ದೊಡ್ಡವರು ಮಾಡಿದ್ದು ಉಳಿದವರಿಗೆ ಶಾಸ್ತ್ರವಾಯಿತು. ಬೋಳು ಗಾಡಿ ಎದುರಾದರೆ ಹಾರ್ನ್ ಹೊಡೆಯಬಾರದು, ಹಿಂದೆ ಹಾಕಬಾರದು, ಪಕ್ಕಕ್ಕೆ ನಿಂತು ದಾರಿ ಕೊಡಬೇಕು. ಯಾರು ಎಂದು ಕೇಳಬಾರದು. ಯಾವಾಗ ಎಂದು ಕೇಳಬಹುದು.

ಷಡಕ್ಷರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಸತ್ತವರ ಮೊನೊಗ್ರಾಂಗಳು ಬಂದು ಬೀಳುತ್ತಿದ್ದದ್ದು ಅವನ ಶೆಡ್ಡಿಗೇ. ಹೋದ ವರ್ಷ ಬಾಳೆಹಳ್ಳದ ಯಜಮಾನರು ತೀರಿಕೊಂಡಾಗ ಅವರ ಹೆಂಡತಿ ವಿಶಾಲಾಕ್ಷಮ್ಮ ತಾವೇ ಬಂದು, ಶೆಡ್ಡಿನ ಹೊರಗೆ ಮುಕ್ಕಾಲು ಗಂಟೆ ನಿಂತು, ಕಾಟಿಯ ಕಣ್ಣಿಗೆ ಕೆಂಪು ಬೇಡ, ಕಪ್ಪು ಹಾಕಿ ಎಂದಿದ್ದರು. ಅವನು ಕರ್ಚೀಫಿನ ಹಿಂದಿನಿಂದ ಹೂಂ ಎಂದಿದ್ದ. ಅವರು ಅತ್ತಿರಲಿಲ್ಲ. ಅವನಿಗೆ ಅಂದು ಒಂಥರಾ ಅಸೂಯೆಯಾಗಿತ್ತು, ಸತ್ತವನ ಮೇಲೆ.

ಅದೇ ಅಸೂಯೆ ಬೆಳೆದು ಈ ಭಾನುವಾರ ಸ್ಪ್ಯಾನರ್ ಹಿಡಿಸಿತ್ತು. ಊರವರ ಗುರುತೆಲ್ಲ ಬರೆದವನು ತನ್ನದೊಂದನ್ನು ಬರೆದುಕೊಂಡರೆ ಏನು ತಪ್ಪು? ಹಿತ್ತಾಳೆಯ ತಗಡನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ, ಪ್ರೈಮರ್ ಬಳಿದು, ಮೂರು ದಿನದಿಂದ ಬಲ್ಬಿನ ಕೆಳಗೆ ಇಟ್ಟಿದ್ದ. ಪೆನ್ಸಿಲ್ ಹಿಡಿದು ಕೂತರೆ ಕೈ ಓಡುತ್ತಿರಲಿಲ್ಲ. ಎಲೆ ಬರೆಯೋಣವೆಂದರೆ ಅದು ಪಾಠಪುಸ್ತಕದ್ದಾಯಿತು. ಚಳ್ಳಕೆರೆಯ ಜಾಲಿಮರ ಬರೆಯೋಣವೆಂದರೆ ಅಲ್ಲೂ ಅವನಿಗೆ ಈಗ ಯಾರೂ ಇರಲಿಲ್ಲ. ಹೆಸರಿನ ಮೊದಲ ಅಕ್ಷರವಂತೂ ನೋಡಿದರೆ ಅವನಿಗೇ ಯಾರದ್ದೋ ಎನಿಸಿತು.

ಲ್ಯಾಕರ್ ಡಬ್ಬಿಯ ತಳ ಕಂಡಿತ್ತು. ಮೂಡಿಗೆರೆಯ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ. ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ಒಂದು ಅಂಗಡಿ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಬಸ್ಸಿಗೆ ಹೋಗಬಹುದಿತ್ತು. ಏನು ಹಾಕಬೇಕೆಂದೇ ತಿಳಿಯದವನಿಗೆ ಮೇಲೆ ಬಳಿಯುವ ಲ್ಯಾಕರಿನ ಅವಸರವಾದರೂ ಏನು? ಯಾರೂ ನೋಡಲ್ಲ ಎಂದಳಲ್ಲ, ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತ್ತು. ಕಾರಿನ ಕೀ ತೆಗೆದುಕೊಂಡ.

ಹೂಮಳೆಯಾಗಿ ಒಂಬತ್ತು ದಿನವಾಗಿತ್ತು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಕಾಫಿ ತೋಟಗಳು ಬೆಳ್ಳಗೆ ಹೂಬಿಟ್ಟು ನಿಂತಿದ್ದವು. ಗುಡ್ಡದ ಹಿಂದೆ ಗುಡ್ಡ, ಕಣ್ಣು ಹಾಯುವವರೆಗೂ ಬಿಳಿ. ಕುಯ್ಲು ಮುಗಿದಿದ್ದರಿಂದ ತೋಟಗಳಲ್ಲಿ ಆಳುಗಳಿರಲಿಲ್ಲ. ಪರಿಮಳ ತಲೆ ಹಿಡಿಯುವಷ್ಟು ಗಾಢವಾಗಿತ್ತು. ಅವನು ಗಾಜು ಏರಿಸಿದ.

ಮೊದಲ ತಿರುವಿನಲ್ಲಿ ಒಂದು ಜೀಪು ಎದುರಾಯಿತು. ಹುಲಿ ಮುಖದ ಮೊನೊಗ್ರಾಂ, ಅವನೇ ಎರಡು ಸಲ ಬಣ್ಣ ಹಾಕಿದ್ದು. ಈ ಜೀಪು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನಿಗೆ ದಾರಿ ಬಿಟ್ಟಿರಲಿಲ್ಲ. ಹಾರ್ನ್ ಒತ್ತಿ ಹಿಡಿದು ಅವನನ್ನು ಚರಂಡಿಗೆ ಇಳಿಸಿಯೇ ಹೋಗುತ್ತಿತ್ತು. ಅವನ ಕೈ ಅಭ್ಯಾಸಬಲದಿಂದ ಸ್ಟಿಯರಿಂಗನ್ನು ಎಡಕ್ಕೆ ಎಳೆಯಿತು. ಅಷ್ಟರಲ್ಲಿ ಜೀಪೇ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಂತಿತು. ಇಂಜಿನ್ ಆರಿತು. ಒಳಗಿದ್ದವನು ತಲೆ ತಗ್ಗಿಸಿದ.

ಷಡಕ್ಷರಿ ನಡುರಸ್ತೆಯಲ್ಲಿ ಮೆಲ್ಲಗೆ ಹಾದುಹೋದ. ನಿಲ್ಲಿಸಿ, ಹಾಗೇನಿಲ್ಲ ಮಾರಾಯ್ರೆ, ಪೇಂಟಿಗೆ ತೆಗೆದದ್ದು, ಎಂದು ಹೇಳಬೇಕಿತ್ತು. ಹೇಳಲಿಲ್ಲ. ಎದೆಯಲ್ಲಿ ಏನೋ ಬೆಚ್ಚಗಾಗಿತ್ತು. ಅದು ಸಂತೋಷ ಎಂದು ಗೊತ್ತಾಗಲು ಅವನಿಗೆ ಅರ್ಧ ಮೈಲಿ ಹಿಡಿಯಿತು.

ಆಮೇಲೆ ಒಂದು ಲಾರಿ ನಿಂತಿತು. ಆಮೇಲೆ ಎರಡು ಬೈಕು. ಸೌದೆ ಹೊತ್ತು ಬರುತ್ತಿದ್ದ ಮುದುಕನೊಬ್ಬ ಹೊರೆಯನ್ನು ಕೆಳಗಿಳಿಸಿ, ತಲೆಯ ಮೇಲಿನ ಅಡಿಕೆ ಹಾಳೆಯ ಟೋಪಿ ತೆಗೆದು, ಕಾರು ಹೋಗುವವರೆಗೆ ಕೈಕಟ್ಟಿ ನಿಂತ. ಕನ್ನಡಿಯಲ್ಲಿ ನೋಡಿದರೆ ಆಮೇಲೂ ನಿಂತೇ ಇದ್ದ. ಷಡಕ್ಷರಿ ಗಾಜು ಇಳಿಸಿದ. ಬೆನ್ನು ನೆಟ್ಟಗೆ ಮಾಡಿ ಕೂತ. ದುಃಖದಲ್ಲಿರುವ ಮನೆಯವನು ಹೇಗೆ ಗಾಡಿ ಓಡಿಸುತ್ತಾನೋ ಹಾಗೆ ಓಡಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿ ಬಂತು.

ಆಲ್ದೂರಿಗೆ ಮುಂಚೆ ಚೌಡಯ್ಯನ ಹೋಟೆಲು. ಚಿಕ್ಕಮಗಳೂರಿಗೆ ಹೋಗುವಾಗಲೆಲ್ಲ ಅವನು ಅಲ್ಲಿ ಕಾರು ನಿಲ್ಲಿಸಿ ಹಾರ್ನ್ ಮಾಡಿದರೆ ಯಾರೋ ಹುಡುಗನ ಕೈಯಲ್ಲಿ ಲೋಟದಲ್ಲಿ ಕಾಫಿ ಕಾರಿಗೇ ಬರುತ್ತಿತ್ತು. ಒಳಗೆ ಕಾಲಿಟ್ಟಿದ್ದಿಲ್ಲ. ಈ ದಿನ ಹಾರ್ನ್ ಮಾಡುವ ಮೊದಲೇ ಚೌಡಯ್ಯ ಹೆಗಲ ಟವೆಲ್ಲು ತೆಗೆದು ಓಡಿಬಂದು ಬಾಗಿಲು ತೆರೆದ.

“ಬನ್ನಿ, ಇಳೀರಿ. ಒಳಗೆ ಕೂತ್ಕೊಳ್ಳಿ. ಹ್ಯಾಂಡ್‌ಪೋಸ್ಟಿಂದ ಫೋನ್ ಬಂತು, ಬೂದು ಫಿಯಟ್ಟು ಬೋಳಾಗಿ ಬರ್ತಾ ಇದೆ ಅಂತ. ನಂಗೆ ಕೈಕಾಲೇ ಆಡ್ಲಿಲ್ಲ.”

ಒಳಗಿನ ಬೆಂಚಿನಲ್ಲಿ ಕೂತಿದ್ದ ಇಬ್ಬರು ಎದ್ದು ಲೋಟ ಹಿಡಿದುಕೊಂಡು ಹೊರಗೆ ಹೋದರು. ಚೌಡಯ್ಯ ಮೇಜು ಒರೆಸಿ ಕಾಫಿ ತಂದಿಟ್ಟ.

“ಯಾವಾಗ ಆಯ್ತು?”

ಇದೇ ಗಳಿಗೆ. ಈಗ ಒಂದು ಮಾತು, ಒಂದು ನಗೆ, ಮುಗಿಯಿತು. ಮುಗಿದ ಮೇಲೆ ಏನು? ಮತ್ತೆ ಕಾರಿನೊಳಗೆ ಲೋಟ. ಮತ್ತೆ ಹುಲಿ ಜೀಪಿನ ಹಾರ್ನ್.

“ಬೆಳಗಿನ ಜಾವ,” ಎಂದ ಷಡಕ್ಷರಿ.

“ಹಾರ್ಟೇ ಇರ್ಬೇಕು. ಆ ಬಣ್ಣದ ಗಾಳಿ ಕುಡ್ದೂ ಕುಡ್ದೂ…” ಚೌಡಯ್ಯ ಅವನ ಎದುರು ಕೂತು ಮುಖವನ್ನೇ ನೋಡಿದ. “ನೀವು ಮೇಷ್ಟ್ರ ತಮ್ಮನಾ?”

ಲೋಟ ಬಾಯಿಯ ಹತ್ತಿರ ನಿಂತಿತು.

“ಕರ್ಚೀಫಿನ ಮೇಲಿನ ಕಣ್ಣು ಹಾಗೇ ಇದೆ, ಅದ್ಕೆ ಕೇಳ್ದೆ,” ಎಂದ ಚೌಡಯ್ಯ.

ಇಂಥದ್ದೊಂದು ಬರುತ್ತದೆಂದು ಅವನು ಎಣಿಸಿರಲಿಲ್ಲ. ಸತ್ತವರು ಯಾರೋ ಮನೆಯವರು ಎಂದುಕೊಳ್ಳುತ್ತಾರೆ, ತನ್ನ ತಂದೆಯೋ ತಾಯಿಯೋ ಎಂದುಕೊಳ್ಳುತ್ತಾರೆ ಎಂದಷ್ಟೇ ಅವನ ಲೆಕ್ಕ; ಗೊತ್ತಿದ್ದ ಶಾಸ್ತ್ರವನ್ನು ತನಗೇ ಹಚ್ಚಿ ನೋಡಿರಲಿಲ್ಲ. ಬೋಳು ಗಾಡಿಯಲ್ಲಿ ಸತ್ತಿರುವವನು ಗಾಡಿಯ ಯಜಮಾನ, ಓಡಿಸುವವನು ಯಾರಾದರೂ ಆಗಬಹುದು, ಅವನೊಬ್ಬನನ್ನು ಬಿಟ್ಟು. ಹೆದರಿ ಲೋಟ ಕೆಳಗಿಟ್ಟ. ಆದರೆ ಭಯದ ಜೊತೆಗೇ ಒಂದು ಕೆಟ್ಟ ಕುತೂಹಲವೂ ಎದ್ದಿತು. ಅದು ಭಯಕ್ಕಿಂತ ಜೋರಾಗಿತ್ತು.

“ಹೌದು,” ಎಂದ. “ತಮ್ಮ.”

“ಅಂದ್ಕೊಂಡೆ. ಮಣ್ಣು ಎಲ್ಲಿ, ಇಲ್ಲೇನಾ?”

“ಊರಲ್ಲಿ. ಚಳ್ಳಕೆರೇಲಿ. ಅಣ್ಣ ಅಲ್ಲಿಗೆ ಬಂದಿದ್ದಾಗ್ಲೇ ಆಗಿದ್ದು.” ಸುಳ್ಳಿಗೆ ಸುಳ್ಳು ಮೊಳೆಯುತ್ತದೆ. “ಅತ್ತಿಗೇನ ಕರ್ಕೊಂಡು ಹೋಗೋಕೆ ಬಂದೆ. ಇಲ್ಲಿ ಸ್ವಲ್ಪ ಕೆಲಸ ಇತ್ತು.”

“ಪಾಪ, ಆ ಹೆಣ್ಮಗು.”

ಷಡಕ್ಷರಿ ಕಾಫಿಯ ಕಡೆ ನೋಡುತ್ತ, ಆದಷ್ಟು ಸಹಜವಾಗಿ ಕೇಳಿದ: “ಅಣ್ಣ ಹೇಗಿದ್ದ ಇಲ್ಲಿ?”

“ಒಳ್ಳೇವ್ರು.”

“ಅಂದ್ರೆ?”

“ಒಳ್ಳೇವ್ರು ಮಾರಾಯ್ರೆ. ಕೈಕೆಲ್ಸ ಅಂದ್ರೆ ಅದು. ನಮ್ ಭಾವನ ಬುಲೆಟ್ಟಿಗೆ ಒಂದು ಹಾಕ್ಕೊಟ್ಟಿದ್ರು, ಇವತ್ತಿಗೂ ಹೊಳೀತದೆ.”

“ಮಾತುಕತೆ?”

ಚೌಡಯ್ಯ ಟವೆಲ್ಲನ್ನು ಮಡಚಿದ, ಬಿಚ್ಚಿದ. ಪ್ರಾಮಾಣಿಕ ಮನುಷ್ಯ, ಹುಡುಕುತ್ತಿದ್ದ. “ಮಾತಾಡಿದ್ದು ನೆನಪಿಗೆ ಬರ್ತಿಲ್ಲ. ಸಕ್ಕರೆ ಕಮ್ಮಿ ಅಂತಿದ್ರು. ಅಲ್ಲ, ಅದು ಪೋಸ್ಟ್ ಮಾಸ್ಟರು.”

“ಹೆಸರು ಗೊತ್ತಿತ್ತಾ?”

“ಮೇಷ್ಟ್ರು,” ಎಂದು ಚೌಡಯ್ಯ ಸಂಕೋಚದಿಂದ ನಕ್ಕ. ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುವಂತಿತ್ತು. ಎದುರಿನ ತೋಟದ ಬಿಳಿಯನ್ನು ನೋಡಲಾಗಲಿಲ್ಲ. ಹನ್ನೊಂದು ವರ್ಷಕ್ಕೆ ಉಳಿದದ್ದು ಇನ್ನೊಬ್ಬರ ಸಕ್ಕರೆ. ಅವನಿಗೆ ಅಳು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಒಂದೇ ಒಂದು ವಿಷಯ ನೆಟ್ಟಗೆ ನಿಂತಿತು. ಶಾಲಿನಿಗೆ ಹೇಳಬೇಕು. ಸುದ್ದಿ ಅವಳನ್ನು ಮುಟ್ಟುವ ಮೊದಲು ಹೇಳಬೇಕು. ಕಾಲೇಜಿನವರನ್ನು ಬಿಟ್ಟರೆ ಈ ಗುಡ್ಡಗಳಲ್ಲಿ ಅವನ ಮುಖ ಬಲ್ಲವಳು ಅವಳೊಬ್ಬಳೇ.

ಆಲ್ದೂರಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದ. ಮೂರು ಸಲ ಎಂಗೇಜ್. ನಾಲ್ಕನೆಯ ಸಲ ಯಾರೋ ಎತ್ತಿದರು.

“ಯಾರು?” ಹೆಂಗಸಿನ ದನಿ, ಶಾಲಿನಿಯದಲ್ಲ.

“ಶಾಲಿನಿ ಇದ್ದಾರಾ?”

“ಅವರು ಮಾತಾಡೋ ಸ್ಥಿತೀಲಿಲ್ಲ. ನೀವ್ಯಾರು?”

ಗಾಜಿನ ಬಾಗಿಲಲ್ಲಿ ಅವನ ಮುಖ ಕಾಣುತ್ತಿತ್ತು. ನೀವ್ಯಾರು ಎಂದು ದನಿ ಮತ್ತೆ ಕೇಳಿತು. ಉತ್ತರ ಸುಲಭವಿತ್ತು. ಆದರೆ ಆ ಉತ್ತರವನ್ನು ಹೇಳಿದರೆ ಆ ಕಡೆಯವರು ಕಿರುಚುತ್ತಾರೆ, ಇಲ್ಲವೇ ಯಾರೋ ಪೋಲಿ ಎಂದು ಬೈಯುತ್ತಾರೆ. ಅವನು ಫೋನ್ ಇಟ್ಟ. ಮಾಡಿದ್ದುಣ್ಣೋ ಮಹರಾಯ ಎಂದು ತನಗೇ ಹೇಳಿಕೊಂಡ.

ವಾಪಸ್ಸು ಬರುವಾಗ ಜೋರಾಗಿ ಓಡಿಸಲು ನೋಡಿದ. ಆಗಲಿಲ್ಲ. ಮುಂದಿದ್ದ ಗಾಡಿಗಳೆಲ್ಲ ಅವನಿಗೆ ದಾರಿ ಕೊಡಲು ನಿಲ್ಲುತ್ತಿದ್ದವು. ಎದುರಿನವೂ ನಿಲ್ಲುತ್ತಿದ್ದವು. ನಿಂತ ಗಾಡಿಗಳ ನಡುವೆ ಅವನು ಒಬ್ಬನೇ ಚಲಿಸುತ್ತಿದ್ದ. ಹಾರ್ನ್ ಒತ್ತಿದ, ಯಾರಾದರೂ ಸಿಟ್ಟಾಗಲಿ ಎಂದು. ತಲೆಗಳು ಇನ್ನಷ್ಟು ತಗ್ಗಿದವು. ಬೆಳಿಗ್ಗೆ ಬೆಚ್ಚಗೆ ಮಾಡಿದ್ದ ಮರ್ಯಾದೆ ಈಗ ಕುತ್ತಿಗೆ ಹಿಸುಕುತ್ತಿತ್ತು. ಅವಳು ನಕ್ಕುಬಿಡುತ್ತಾಳೆ ಎಂದುಕೊಂಡ. ಅಥವಾ ಬೈಯುತ್ತಾಳೆ. ಬೈದರೆ ಎಷ್ಟು ಚೆನ್ನ. ಅವಳು ಅವನಿಗೆ ಬೈದು ಎಷ್ಟು ಕಾಲವಾಗಿತ್ತು ಎಂದು ಲೆಕ್ಕ ಹಾಕಿದ. ನೆನಪಾಗಲಿಲ್ಲ.

ಮನೆಯ ಮುಂದೆ ನಾಲ್ಕು ಜೀಪು, ಒಂದು ಕಾರು ನಿಂತಿದ್ದವು. ಎಲ್ಲದರ ಮೂತಿಯ ಮೇಲೂ ಅವನ ಕೈಕೆಲಸ. ಬಾಗಿಲಲ್ಲಿ ಇಪ್ಪತ್ತು ಇಪ್ಪತ್ತೈದು ಜೊತೆ ಚಪ್ಪಲಿ. ಕಾಲೇಜಿನವರು ಯಾರೂ ಇನ್ನೂ ಬಂದಿರಲಿಲ್ಲ. ಭಾನುವಾರ ಅವರೆಲ್ಲ ಚಿಕ್ಕಮಗಳೂರಿನ ಮನೆಗಳಲ್ಲಿರುತ್ತಾರೆ.

“ತಮ್ಮ ಬಂದ್ರು, ದಾರಿ ಬಿಡಿ,” ಎಂದರು ಯಾರೋ. ಚೌಡಯ್ಯನ ಫೋನು ಅವನಿಗಿಂತ ಮೊದಲೇ ತಲುಪಿತ್ತು.

ಸಾಲು ಸರಿಯಿತು. ಅವನು ಚಪ್ಪಲಿ ಬಿಟ್ಟು ತನ್ನ ಮನೆಯೊಳಗೆ ಹೋದ.

ಶಾಲಿನಿ ನಡುಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ವಿಶಾಲಾಕ್ಷಮ್ಮ ಅವಳ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು. ಫೋನಿನಲ್ಲಿ ಮಾತಾಡಿದವರು ಅವರೇ ಎಂದು ದನಿಯಿಂದ ತಿಳಿಯಿತು.

“ಮೊದ್ಲು ನಂಬ್ಲೇ ಇಲ್ಲ ಪಾಪ,” ಎಂದರು ಅವನಿಗೆ, ಮೆಲ್ಲಗೆ. “ಇಲ್ಲಮ್ಮ, ಅವ್ರು ಗಾಡಿ ತಗೊಂಡು ಈಗ ತಾನೆ ಹೋದ್ರು, ಬರ್ತಾರೆ, ಅಂತಾನೇ ಇದ್ರು. ಎಲ್ಲರೂ ಮೊದ್ಲು ಹಾಗೇ ಅನ್ನೋದು. ನಾನೂ ಅಂದಿದ್ದೆ. ಆಮೇಲೆ ಸುಮ್ನಾದ್ರು.”

ಷಡಕ್ಷರಿ ಬಾಯಿ ತೆರೆದ. ಅಷ್ಟರಲ್ಲಿ ವಿಶಾಲಾಕ್ಷಮ್ಮ ಶಾಲಿನಿಯ ಗಲ್ಲ ಹಿಡಿದು ಎತ್ತಿದರು.

“ನೋಡಮ್ಮ, ಯಾರು ಬಂದಿದ್ದಾರೆ. ಇವ್ರು ಮೇಷ್ಟ್ರ ತಮ್ಮ ತಾನೆ?”

ಶಾಲಿನಿ ಕಣ್ಣೆತ್ತಿ ಅವನನ್ನು ನೋಡಿದಳು.

ಇಷ್ಟು ಹೊತ್ತು ಅವಳು ಅವನನ್ನು ನೋಡಿ ವರ್ಷಗಳಾಗಿದ್ದವು. ಹಣೆ, ಹುಬ್ಬು, ಮೂಗು, ಕರ್ಚೀಫಿನ ಕೆಳಗೆ ಬಿಸಿಲು ಕಾಣದೆ ಬಿಳುಚಿಕೊಂಡಿದ್ದ ಗಲ್ಲ. ಅವಳ ಕಣ್ಣು ಒಂದೊಂದರ ಮೇಲೂ ನಿಂತಿತು. ಗುರುತು ಸಿಕ್ಕಿದೆ ಎಂದು ಅವನಿಗೆ ಖಾತ್ರಿಯಾಯಿತು. ಇನ್ನೇನು, ಒಂದು ಮಾತು.

“ಕುಡಿಯೋಕೆ ನೀರು ಕೊಡಿ ಅವರಿಗೆ,” ಎಂದಳು ಶಾಲಿನಿ. “ದೂರದಿಂದ ಬಂದಿದ್ದಾರೆ.”

ಯಾರೋ ಲೋಟ ತಂದುಕೊಟ್ಟರು. ಅವನು ಕೂತ. ಎದುರಿನ ಗೋಡೆಯ ಪಕ್ಕ, ಗಂಡಸರ ಸಾಲಿನಲ್ಲಿ. ಕೂಗಬೇಕು ಎನಿಸಿತು. ಇದು ನಾನು, ನಿನ್ನ ಗಂಡ, ಇದೇನು ಆಟ ಎಂದು ಕೂಗಬೇಕು. ಅವಳು ಆಟವಾಡುತ್ತಿಲ್ಲ ಎಂಬುದು ಅವಳ ಮುಖದಲ್ಲಿತ್ತು. ಆ ಮುಖ ಶಾಂತವಾಗಿತ್ತು.

“ಹೇಳಮ್ಮ,” ಎಂದರು ವಿಶಾಲಾಕ್ಷಮ್ಮ. “ಏನಾದ್ರೂ ಹೇಳ್ಕೋ. ಒಳಗೆ ಇಟ್ಕೋಬಾರ್ದು.”

ಶಾಲಿನಿ ಹೇಳತೊಡಗಿದಳು.

“ಎಡಗೈ ಹೆಬ್ಬೆರಳಿನ ಉಗುರಲ್ಲಿ ಯಾವಾಗ್ಲೂ ಬೆಳ್ಳಿ ಬಣ್ಣ ಇರ್ತಿತ್ತು,” ಎಂದಳು. “ಎಷ್ಟು ತೊಳೆದ್ರೂ ಹೋಗ್ತಿರ್ಲಿಲ್ಲ. ಊಟಕ್ಕೆ ಕೂತಾಗ ಆ ಬೆರಳನ್ನ ಮಡಚಿ ಇಟ್ಕೊತಿದ್ರು, ನಂಗೆ ಕಾಣ್ಬಾರ್ದು ಅಂತ.”

ಷಡಕ್ಷರಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದ.

“ಗೋಡೆ ಕಡೆ ಮುಖ ಮಾಡಿ ಮಲಗೋರು. ನಿದ್ದೆ ಬಂದ ಮೇಲೆ ತಿರುಗಿ ನನ್ನ ಸೆರಗಿನ ತುದಿ ಹಿಡ್ಕೊತಿದ್ರು. ಬೆಳಿಗ್ಗೆ ಅವರಿಗೆ ಗೊತ್ತಿರ್ತಿರ್ಲಿಲ್ಲ. ನಾನೂ ಹೇಳ್ಲಿಲ್ಲ. ಹೇಳಿದ್ರೆ ಬಿಟ್ಬಿಡ್ತಾರೆ ಅಂತ.”

ಹೆಂಗಸರಲ್ಲಿ ಯಾರೋ ಬಿಕ್ಕಿದರು. ತಾನು ಹಾಗೆ ಮಾಡುತ್ತಿದ್ದೆನೇ? ಯಾರು ಈ ಮನುಷ್ಯ? ಅವನ ಮೇಲೆ ಷಡಕ್ಷರಿಗೆ ಪ್ರೀತಿ ಉಕ್ಕಿತು, ಜೊತೆಗೆ ಹಳೆಯ ಅಸೂಯೆಯೂ.

“ಒಂದ್ಸಲ ಕೇಳಿದ್ದೆ. ನನ್ನ ಟ್ರಂಕಿನ ಮೇಲೆ ಒಂದು ಸಣ್ಣ ನವಿಲು ಬರೆದುಕೊಡಿ ಅಂತ. ನಾಳೆ ಅಂದ್ರು. ಎಂಟು ವರ್ಷ ಆಯ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಮ್ಮಮ್ಮ ಇದ್ದಾಗ ನಗೋರು. ನಂಗೆ ಸಿಟ್ಟಿರ್ಲಿಲ್ಲ. ನಾಳೆ ಅನ್ನೋವಾಗ ಅವರು ಕರ್ಚೀಫು ಬಿಚ್ಚಿ ಹೇಳಿದ್ರು, ಅದೇ ಸಾಕಾಗಿತ್ತು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಆಮೇಲಾಮೇಲೆ ಮನೆಯೊಳಗೂ ಬಿಚ್ಚೋದು ಬಿಟ್ರು.”

ಅದು ಸುಳ್ಳು. ಮನೆಯೊಳಗೆ ಅವನು ಒಂದು ದಿನವೂ ಕರ್ಚೀಫು ಕಟ್ಟಿರಲಿಲ್ಲ. ಸುಳ್ಳೇ?

ಬೇಕಾದ್ದು ಒಂದೇ ಮಾತು. ಆದರೆ ಮಾತಾಡಿದರೆ ಅವಳು ನಿಲ್ಲಿಸುತ್ತಾಳೆ. ನಿಲ್ಲಿಸಿ ಎದ್ದು ಅಡುಗೆಮನೆಗೆ ಹೋಗುತ್ತಾಳೆ, ಊಟಕ್ಕೆ ಏಳಿ ಎನ್ನುತ್ತಾಳೆ, ಆಮೇಲೆ ಎಂದೆಂದಿಗೂ ಈ ದನಿಯಲ್ಲಿ ಅವನ ಬಗ್ಗೆ ಮಾತಾಡುವುದಿಲ್ಲ. ಅವನು ಇನ್ನೂ ಕೇಳಬೇಕಿತ್ತು. ನವಿಲಿನ ಬಗ್ಗೆ, ಮೊದಲ ವರ್ಷದ ಬಗ್ಗೆ, ವಸ್ತಾರೆಯಲ್ಲಿ ಹೆಣ್ಣು ನೋಡಲು ಬಂದ ದಿನದ ಬಗ್ಗೆ. ಇನ್ನೊಂದು ಮಾತು ಕೇಳಿ ಹೇಳೋಣ ಎಂದುಕೊಂಡ. ಅವಳು ಹೇಳುತ್ತ ಹೋದಳು. ಅವನು ಒಂದೊಂದು ಮಾತಿಗೂ ಇನ್ನೊಂದು, ಇನ್ನೊಂದು ಎನ್ನುತ್ತ ಸುಮ್ಮನೆ ಕೂತ. ಪಕ್ಕದ ಗಂಡಸು ಅವನ ಬೆನ್ನು ಸವರಿದ. ಅವನು ಅಳುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಮಾತು ತೀರಿತು. ಬಂದವರು ಒಬ್ಬೊಬ್ಬರಾಗಿ ಎದ್ದರು. ಯಾರೂ ಬರ್ತೀನಿ ಎನ್ನಲಿಲ್ಲ. ಇಂಥ ಮನೆಯಿಂದ ಹೊರಡುವಾಗ ಹಾಗೆ ಹೇಳುವುದಿಲ್ಲ. ವಿಶಾಲಾಕ್ಷಮ್ಮ ಕೊನೆಗೆ ಎದ್ದು ಅವನ ಹತ್ತಿರ ನಿಂತರು.

“ಹುಷಾರಾಗಿ ಕರ್ಕೊಂಡು ಹೋಗಪ್ಪ. ಗಾಡಿದು ಮೊನೊಗ್ರಾಂ ಹನ್ನೊಂದ್ರ ತನಕ ಹಾಕ್ಬೇಡ.” ಬಾಗಿಲವರೆಗೆ ಹೋಗಿ ತಿರುಗಿದರು. “ಇನ್ನು ಹಾಕ್ಕೊಡೋರು ಯಾರೋ.”

ಜೀಪುಗಳು ಹೋದವು. ಮನೆಯಲ್ಲಿ ಇಬ್ಬರೇ ಉಳಿದರು.

“ಶಾಲಿನಿ,” ಎಂದ. “ಶಾಲಿನಿ, ನೋಡು. ನಾನೇ.”

ಅವಳು ಎದ್ದು ಸೆರಗು ಸಿಕ್ಕಿಸಿಕೊಂಡಳು. ಬಚ್ಚಲಿಗೆ ಹೋದಳು. ಹಂಡೆಯಿಂದ ಕೊಡಕ್ಕೆ ನೀರು ತುಂಬುವ ಸದ್ದು ಕೇಳಿಸಿತು. ಕೊಡ ಸೊಂಟಕ್ಕಿಟ್ಟು, ಕೈಯಲ್ಲಿ ಪೊರಕೆ ಹಿಡಿದು ಬಂದಳು. ಮಲಗುವ ಕೋಣೆಯ ಮೂಲೆಯಿಂದ ಶುರುಮಾಡಿದಳು. ಮಂಚದ ಕೆಳಗೆ ನೀರು ಹಾಕಿದಳು, ಗೋಡೆಯ ಬದಿಗೆ ಹಾಕಿದಳು, ಪೊರಕೆಯಿಂದ ತಳ್ಳಿದಳು. ಹಿಂದಿನಿಂದ ಮುಂದಕ್ಕೆ, ಒಳಗಿನಿಂದ ಹೊರಕ್ಕೆ, ಹೆಣ ಎತ್ತಿದ ಮೇಲೆ ಮನೆ ತೊಳೆಯುವ ಕ್ರಮದಲ್ಲಿ.

“ಏನು ಮಾಡ್ತಿದೀಯ?”

“ಸ್ವಲ್ಪ ಆಚೆ ನಿಂತ್ಕೊಳ್ತೀರಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಪರಿಚಿತರಿಗೆ ಕೊಡುವ ಮರ್ಯಾದೆ ಇತ್ತು. “ಕಾಲು ಒದ್ದೆಯಾಗುತ್ತೆ.”

ನೀರು ನಡುಮನೆಗೆ ಬಂತು. ಅವನು ಹಿಂದೆ ಸರಿದ. ಇನ್ನೂ ಬಂತು, ಇನ್ನೂ ಸರಿದ. ಹೊಸ್ತಿಲು ದಾಟಿದ್ದು ಅವನಿಗೆ ದಾಟಿದ ಮೇಲೆ ಗೊತ್ತಾಯಿತು. ಮೆಟ್ಟಿಲ ಕೆಳಗೆ ಒಂದು ಜೊತೆ ಚಪ್ಪಲಿ ಉಳಿದಿತ್ತು. ಅವನದಲ್ಲ. ಗುಂಪಿನಲ್ಲಿ ಯಾರೋ ಅವನದನ್ನು ಮೆಟ್ಟಿಕೊಂಡು ಹೋಗಿದ್ದರು. ಬೇರೆ ದಾರಿಯಿಲ್ಲದೆ ಇದಕ್ಕೆ ಕಾಲಿಟ್ಟ. ಅಳತೆ ಸರಿಯಾಗಿತ್ತು.

ಒಳಗೆ ಪೊರಕೆ ಒಂದೇ ಲಯದಲ್ಲಿ ಆಡುತ್ತಿತ್ತು. ನೀರು ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು, ತುಂಬಿ, ಮೆಟ್ಟಿಲಿಳಿದು, ಅವನ ಕಾಲಿನ ಎರಡೂ ಬದಿಗೆ ಹರಿದುಹೋಯಿತು.